ಮಾವ ಮುಟ್ಟದೆ ಬಿಟ್ಟ ಕಾರು

ಮಾವನ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿಯಲ್ಲಿ ಚರ್ಮ ಬೆಳ್ಳಗೆ ಗಟ್ಟಿಯಾಗಿತ್ತು. ಬೆಸುಗೆಯ ಬಿಸಿ ತಾಗಿ ತಾಗಿ ಅಲ್ಲಿ ಸ್ಪರ್ಶವೇ ಹೋಗಿತ್ತು. ಟೀ ಲೋಟವನ್ನು ಎಡಗೈಯಲ್ಲಿ ಮುಟ್ಟಿ ನೋಡಿಯೇ ಕುಡಿಯುತ್ತಿದ್ದರು.

ಹುಣಸೂರಿನಲ್ಲಿ ಅವರದು ಕಾರುಗಳ ಎಲೆಕ್ಟ್ರಿಕ್ ಕೆಲಸದ ಅಂಗಡಿ. ಈಗಿನ ಕಾರುಗಳ ಕೀಯೊಳಗೆ ಅಕ್ಕಿಕಾಳಿನಷ್ಟು ಚಿಪ್ ಇರುತ್ತದೆ. ಕಾರಿನ ಕಂಪ್ಯೂಟರ್ ಅದನ್ನು ಗುರುತಿಸದಿದ್ದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಕೀ ಕಳೆದುಕೊಂಡವರು ಪಿರಿಯಾಪಟ್ಟಣ, ಎಚ್.ಡಿ. ಕೋಟೆಯಿಂದೆಲ್ಲ ಮಾವನನ್ನು ಹುಡುಕಿಕೊಂಡು ಬರುತ್ತಿದ್ದರು. ಕಾರು ಯಾರ ಹೆಸರಿನಲ್ಲಿದೆ ಎಂದು ಆರ್.ಸಿ.ಯಲ್ಲಿ ಕಣ್ಣಾರೆ ನೋಡದೆ ಅವರು ಯಾರಿಗೂ ಹೊಸ ಕೀ ಮಾಡಿಕೊಡುತ್ತಿರಲಿಲ್ಲ, ಸ್ವಂತ ತಮ್ಮನಿಗೂ. ಕಾರು ಸ್ಟಾರ್ಟ್ ಆಗುತ್ತಿಲ್ಲ ಎಂದು ಗಾಬರಿಯಾಗಿ ಬಂದವರಿಗೆ, "ಮೊದ್ಲು ಬ್ಯಾಟ್ರಿ ನೋಡ್ರಪ್ಪ. ಎಲ್ರೂ ಕಂಪ್ಯೂಟರ್ ಮ್ಯಾಲೇ ಅನುಮಾನ ಪಡ್ತೀರ," ಎನ್ನುತ್ತಿದ್ದರು.

ನನ್ನ ಗಂಡ ಅವರಿಗೆ ಒಬ್ಬನೇ ಮಗ. ಕೆ.ಆರ್. ನಗರದ ಹತ್ತಿರ ಹೊಳೆಗೆ ಈಜಲು ಇಳಿದವರು ಮೇಲೆ ಬರಲಿಲ್ಲ. ಮಾರನೆಯ ದಿನ ದೇಹ ಸಿಕ್ಕಿತು. ಚಡ್ಡಿ ಜೇಬಿನಲ್ಲಿದ್ದ ಕಾರಿನ ಕೀ ಸಿಗಲಿಲ್ಲ. ಇನ್ನೊಂದು ಕೀ ಮಾಡಿಸಿಟ್ಟುಕೊಳ್ಳಿ ಎಂದು ಊರಿಗೆಲ್ಲ ಹೇಳುತ್ತಿದ್ದವರ ಮನೆಯಲ್ಲೇ ಇನ್ನೊಂದು ಕೀ ಇರಲಿಲ್ಲ. ಕಾರನ್ನು ಎಳೆಸಿಕೊಂಡು ಬಂದು ಮನೆ ಪಕ್ಕದಲ್ಲಿ ನಿಲ್ಲಿಸಿ ಟಾರ್ಪಾಲು ಹೊದಿಸಿದೆವು. ಮಾವ ಅದರ ಹತ್ತಿರಕ್ಕೂ ಹೋಗಲಿಲ್ಲ.

ಆರು ತಿಂಗಳಾದ ಮೇಲೆ ನಾನೇ ಕೇಳಿದೆ. "ಮಾವ, ನಂಗೂ ಈ ಕೆಲ್ಸ ಕಲಿಸ್ತೀರಾ? ಮನೇಲಿ ಕೂತ್ರೆ ಉಸಿರು ಕಟ್ಟುತ್ತೆ."

"ಬಾ ಮಗ," ಎಂದರು.

ವೈರುಗಳ ಬಣ್ಣದಿಂದ ಶುರುಮಾಡಿ ವರ್ಷವಿಡೀ ಕಲಿಸಿದರು. ನಾನು ಒಬ್ಬರ ಕಾರಿನ ಕಂಪ್ಯೂಟರ್ ಬೋರ್ಡು ಸುಟ್ಟಾಗ, ಕಾರಿನವರಿಗೆ "ನನ್ನಿಂದಾನೇ ಆಯ್ತು ಕಣ್ರೀ," ಎಂದು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು.

ಒಂದು ಬೆಳಿಗ್ಗೆ ಅವರೇ ಟಾರ್ಪಾಲು ಎಳೆದರು. "ಆರ್.ಸಿ. ತತ್ತಾ ಮಗ." ತಂದುಕೊಟ್ಟೆ. ಮಗನ ಹೆಸರಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು. "ಸರಿಯಾಗಿ ಅದೆ. ನೀನೇ ಮಾಡು. ನನ್ ಕೈಲಿ ಆಗಕ್ಕಿಲ್ಲ."

ಹೊಸ ಬ್ಯಾಟರಿ ಹಾಕಿ, ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸಿ, ಹೊಸ ಕೀಯನ್ನು ಕಾರಿಗೆ ಪರಿಚಯ ಮಾಡಿಸಲು ಕೂತೆ. ಎರಡು ಸಲ ಆಗಲಿಲ್ಲ. ಮೂರನೆಯ ಸಲ, ಸ್ಟೀರಿಂಗ್ ಹಿಂದೆ ಮಿಣುಕುತ್ತಿದ್ದ ಕೀ ಗುರುತಿನ ದೀಪ ಆರಿತು; ಕಾರು ಕೀಯನ್ನು ಒಪ್ಪಿಕೊಂಡಿತ್ತು. ಎಂಜಿನ್ ಸ್ಟಾರ್ಟ್ ಆಯಿತು. ಮಗನನ್ನು ಮಣ್ಣು ಮಾಡಿದ ದಿನವೂ ಅಳದಿದ್ದ ಮಾವ ಬಾನೆಟ್ ಮೇಲೆ ಎರಡೂ ಕೈ ಊರಿ ಗಟ್ಟಿಯಾಗಿ ಅತ್ತರು. ಎಂಜಿನ್ ನಿಲ್ಲಿಸಿದರೆ ಅಳು ಬೀದಿಗೆ ಕೇಳುತ್ತದೆಂದು ಓಡಲು ಬಿಟ್ಟೆ.

ಈ ವರ್ಷ ಅವರಿಗೆ ಎದೆನೋವು ಬಂದಾಗ ಅದೇ ಕಾರಿನಲ್ಲಿ ಮೈಸೂರಿಗೆ ಹೊರಟೆ. ಪಕ್ಕದ ಸೀಟಿನಲ್ಲಿ ಎದೆ ಹಿಡಿದು ಕೂತಿದ್ದರೂ ಕಿವಿ ಎಂಜಿನ್ ಕಡೆಗೇ ಇತ್ತು.

"ಬೆಲ್ಟು ಕಿರ್ ಅಂತದೆ ಕಣವ್ವ. ನಾಳೆ ನೋಡು."

"ನೀವೇ ನೋಡೀರಂತೆ ಬುಡಿ ಮಾವ."

ನಕ್ಕರು. ಬಿಳಿಕೆರೆ ದಾಟಿದ ಮೇಲೆ ಅವರ ಮಾತು ನಿಂತಿತು. ಪಕ್ಕಕ್ಕೆ ತಿರುಗಿ ನೋಡುವ ಧೈರ್ಯ ನನಗೆ ಬರಲಿಲ್ಲ. ಅಂಗಡಿಯಲ್ಲಿ ನಿಂತಿರುವ ಕಾರುಗಳು, ಯಾವುದಕ್ಕೆ ಏನಾಗಿದೆ, ಯಾವುದನ್ನು ಮೊದಲು ಬಿಚ್ಚಬೇಕು, ಎಲ್ಲವನ್ನೂ ಒಂದೊಂದಾಗಿ ಅವರಿಗೆ ಹೇಳುತ್ತಾ ಹೋದೆ. ಆಸ್ಪತ್ರೆಯ ಬಾಗಿಲು ಬರುವವರೆಗೂ ಹೇಳುತ್ತಲೇ ಇದ್ದೆ.