ಒಂದೇ ಸ್ವರದ ಪಾಠ

ರಾಗದ ನಡುವೆಯೇ ಸನಾದಿಯನ್ನು ತುಟಿಯಿಂದ ತೆಗೆದು ಚಾಪೆಯ ಮೇಲಿಟ್ಟುಬಿಟ್ಟೆ. ಎದುರಿಗೆ ಕೂತು ನುಡಿಸುತ್ತಿದ್ದ ನನ್ನ ಮಾಸ್ತರರೂ ತಟ್ಟನೆ ನಿಲ್ಲಿಸಿದರು.

"ಸಾಕ್ರಿ ಮಾಸ್ತರ. ಸೇರಿದಾಗಿಂದ ಬರೀ 'ಸಾ' ಒಂದ ಊದಾಕತ್ತೇನಿ. ಹಾಡು ಯಾವಾಗ ಕಲಸ್ತೀರಿ?"

ಪ್ರತಿ ಭಾನುವಾರ ಶಹಾಪುರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಸುರಪುರಕ್ಕೆ ಬರುವುದು, ಮದುವೆ ಮನೆಗಳಲ್ಲಿ ನುಡಿಸಿ ಹೆಸರು ಮಾಡಿದ ಈ ಹಿರಿಯರ ಮುಂದೆ ಕೂರುವುದು, ಕೆನ್ನೆ ನೋಯುವವರೆಗೆ ಒಂದೇ ಸ್ವರ ಊದುವುದು. ಅದರ ಮೇಲೆ ಅವರು ಮಾತ್ರ ಬೇಕಾದ ಹಾಗೆ ರಾಗ ಹರಿಸುವುದು! ನಾನೂ ಶಾಲೆಯಲ್ಲಿ ಕಲಿಸುವವಳೇ. ಮಕ್ಕಳಿಗೆ ವರ್ಷವಿಡೀ 'ಅ' ಒಂದನ್ನೇ ತಿದ್ದಿಸಿದ್ದರೆ ಪಾಲಕರು ಗೇಟಿಗೆ ಬಂದು ನಿಲ್ಲುತ್ತಿದ್ದರು.

ಮಾಸ್ತರರು ಸಿಟ್ಟಾಗಲಿಲ್ಲ. ಗೋಡೆಗೆ ತೂಗುಹಾಕಿದ್ದ ಹಳೆಯ ಸನಾದಿಯೊಂದನ್ನು ತೋರಿಸಿದರು.

"ಅದು ನಮ್ಮ ತಮ್ಮಂದು. ನಾ ನುಡಿಸುವಾಗ 'ಸಾ' ಹಿಡಿಯಾಂವ ಅವನ. ಅಂವ ಹೋದ ಮ್ಯಾಗ ನಾ ಒಂದ ಮದ್ವಿಗೂ ಹೋಗಿಲ್ಲ. ರಾಗ ಎಲ್ಲೇ ತಿರುಗಿದ್ರೂ ಅದರ ಮನಿ 'ಸಾ'. ಈಗ ನೀನೂ ನಡುವ ಅದನ್ನ ಬಿಟ್ರ, ನಾ ಯಾವ ಮನಿಗಿ ಹೊಳ್ಳಿ ಬರ್ಲೆವ್ವಾ?"

ಇಷ್ಟನ್ನು ಮೊದಲ ದಿನವೇ ಹೇಳಲು ಇವರಿಗೇನಾಗಿತ್ತು ಎಂದು ಈಗಲೂ ಮೈ ಉರಿಯುತ್ತದೆ. ಒಂದು ಹಾಡೂ ಬಾರದ ನಾನು ಬರುವ ವಾರ ಹತ್ತಿಕುಣಿಯ ಮದುವೆಯೊಂದರಲ್ಲಿ ಅವರ ತಮ್ಮನ ಜಾಗದಲ್ಲಿ ಕೂರುತ್ತಿದ್ದೇನೆ, ಅದೇ 'ಸಾ' ಊದಲು. ಬೇಸರ ಹಳೆಯದೇ. ನಡುವೆ ಎಲ್ಲಿ ಉಸಿರು ತುಂಡಾಗುತ್ತದೋ ಎಂಬ ಭಯ ಮಾತ್ರ ಹೊಸದು.