ಅಲಗಿನ ಮೇಲೆ ಒಂದು ಚಿಟಿಕೆ ಹಿಟ್ಟು

ಆಗೆಲ್ಲ ಎಳ್ಳಮಾವಾಸ್ಯೆ ಹತ್ತಿರ ಬಂತೆಂದರೆ ಬಸವಕಲ್ಯಾಣದ ನಮ್ಮ ಅಂಗಳದಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಹಬ್ಬದ ದಿನ ಹೊಲಕ್ಕೆ ಒಯ್ದು ಉಣ್ಣುವ ಭಜ್ಜಿ ಪಲ್ಯಕ್ಕೆ ಸಿಕ್ಕ ಸಿಕ್ಕ ಕಾಯಿಪಲ್ಲೆಯನ್ನೆಲ್ಲ ಹೆಚ್ಚಬೇಕು, ಹೆಚ್ಚಲು ಹರಿತವಾದ ಚಾಕು ಬೇಕು, ಚಾಕು ಬೇಕೆಂದರೆ ನಮ್ಮಪ್ಪ ಬೇಕು. ಕಮ್ಮಾರನ ಮಗಳಾದ ನನ್ನ ಗತ್ತನ್ನು ಆ ದಿನಗಳಲ್ಲಿ ನೋಡಬೇಕಿತ್ತು. ಕುಂಟಾಬಿಲ್ಲೆ ಆಡಲು ಗೆಳತಿಯರು ಹಂಚಿನ ಚೂರು ತಂದರೆ ನಾನು ಅಪ್ಪ ಕತ್ತರಿಸಿ ಬಿಸಾಕಿದ ಕಬ್ಬಿಣದ ಬಿಲ್ಲೆ ತರುತ್ತಿದ್ದೆ. ಅದು ಬಿದ್ದಲ್ಲೇ ಕೂರುತ್ತಿತ್ತು. ಅದಕ್ಕೇ ದಿನಾ ಜಗಳ.

ಹಳೆ ಲಾರಿಗಳ ಕಮಾನು ಪಟ್ಟಿಯಿಂದ ಅಪ್ಪ ಚಾಕು ಮಾಡುತ್ತಿದ್ದ. ಹುಮನಾಬಾದಿನ ಹೆದ್ದಾರಿ ಬದಿಯ ಗ್ಯಾರೇಜುಗಳಿಂದ ಅವನ್ನು ಬಸ್ಸಿಗೆ ಹೇರಿಕೊಂಡು ಬರುತ್ತಿದ್ದ. ಬಡಿದು ಆಕಾರಕ್ಕೆ ತಂದು, ಕೆಂಪಗೆ ಕಾಯಿಸಿ, ಶೇಂಗಾ ಎಣ್ಣೆಗೆ ಅದ್ದಿದರೆ ಅಲಗು ಗಟ್ಟಿಯಾಗುತ್ತಿತ್ತು, ಆದರೆ ಗಾಜಿನ ಹಾಗೆ, ಬಿದ್ದರೆ ಮುರಿಯುವಂಥ ಗಟ್ಟಿ. ಆಮೇಲೆ ಆ ಪೆಡಸು ಕಳೆಯಲು ಹದ ಹಾಕುವ ಕೆಲಸ. ಅಲಗನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿ, ಕಾದ ದಪ್ಪ ಕಬ್ಬಿಣದ ಮೇಲಿಟ್ಟರೆ ನಿಧಾನವಾಗಿ ಬಣ್ಣ ಏರುತ್ತಿತ್ತು. ಮೊದಲು ಜೋಳದ ದಂಟಿನ ಹಳದಿ, ಆಮೇಲೆ ಬೆಲ್ಲದ ಕಂದು, ಹಾಗೇ ಬಿಟ್ಟರೆ ಬದನೆಕಾಯಿ ಬಣ್ಣ. ಬೆಲ್ಲದ ಬಣ್ಣ ಹರಿತದ ಅಂಚಿಗೆ ಬಂದೊಡನೆ ಅಪ್ಪ “ತಗೀ” ಅನ್ನುತ್ತಿದ್ದ, ಇಕ್ಕಳ ಹಿಡಿದ ಅವ್ವ ಅಲಗನ್ನು ನೀರಿಗೆ ಹಾಕುತ್ತಿದ್ದಳು. ಬೇಗ ತೆಗೆದರೆ ಅಂಚು ಚೂರಾಗುತ್ತದೆ, ತಡವಾದರೆ ಮೊಂಡಾಗುತ್ತದೆ. ಬಿಸಿಲಲ್ಲಿ ಬಣ್ಣ ಸರಿಯಾಗಿ ಕಾಣುವುದಿಲ್ಲವೆಂದು ಅಪ್ಪ ಕುಲುಮೆಗೆ ಗೋಣಿತಟ್ಟಿನ ಪರದೆ ಕಟ್ಟಿದ್ದ.

ಒಂದು ವರ್ಷ ಹಬ್ಬಕ್ಕೆ ಮುಂಚೆ ಕೊಡಂಬಲದ ಕುರಿಗಾರ ಬೀರಣ್ಣ ಕಾಕಾ ಹೊಸ ಚಾಕನ್ನು ವಾಪಸು ತಂದ.

“ಮಾನಪ್ಪಣ್ಣ, ಬ್ಯಾಸರ ಮಾಡ್ಕೋಬ್ಯಾಡ. ಧಾರ ಹಲ್ಲ ಹಲ್ಲ ಆಗ್ಯಾದ ನೋಡು.”

“ಪಟ್ಟಿನೇ ಖರಾಬ್ ಬಂದದ,” ಅಂದ ಅಪ್ಪ. “ಬ್ಯಾರೆ ಮಾಡಿ ಕೊಡ್ತೀನಿ, ಬಿಡು.”

ಮರುದಿನ ಮತ್ತೊಬ್ಬರು ತಂದರು. ಅಪ್ಪ ಆವತ್ತೂ ಪಟ್ಟಿಗೇ ಬೈದ. ಆದರೆ ಊಟಕ್ಕೆ ಕುಳಿತಾಗ ತಟ್ಟೆಯ ಚಟ್ನಿಪುಡಿಗಳಲ್ಲಿ ಶೇಂಗಾ ಹಿಂಡಿ ಯಾವುದು, ಅಗಸಿ ಹಿಂಡಿ ಯಾವುದು ಎಂದು ಅವನು ಬೆರಳಿಟ್ಟು ನೆಕ್ಕಿ ತಿಳಿದುಕೊಳ್ಳುತ್ತಿದ್ದುದನ್ನು ಅವ್ವ ನೋಡಿದ್ದಳು, ನಾನೂ ನೋಡಿದ್ದೆ. ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಬಣ್ಣ ಕಾಣದ ಕಮ್ಮಾರನ ಹತ್ತಿರ ಚಾಕು ಯಾರು ಮಾಡಿಸುತ್ತಾರೆ? ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ನನಗಂತೂ ಹೆದರಿಕೆಯಿಂದ ಆಟವೂ ಬೇಡವಾಗಿತ್ತು.

“ಈಗ ತಗೀಲೇನ್ರಿ?” ಎಂದು ಅವ್ವ ಒಮ್ಮೆ ಮೆಲ್ಲಗೆ ಕೇಳಿದಳು.

“ನಾ ಹೇಳ್ತೀನಿ, ನೀ ಸುಮ್ನಿರು,” ಅಂದ ಅಪ್ಪ. ಆ ಚಾಕೂ ಕೆಟ್ಟಿತು.

ಬೀರಣ್ಣ ಕಾಕಾನ ಚಾಕಿಗೆ ಹದ ಹಾಕುವ ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಕರೆದ. ಕೈ ತೊಳೆಯದೆ ಹಾಗೇ ಎದ್ದು ಬಂದು ಇಕ್ಕಳ ಹಿಡಿದಳು. ಅವಳ ಬೆರಳಿನಿಂದ ಒಂದಿಷ್ಟು ಜೋಳದ ಹಿಟ್ಟು ಅಲಗಿನ ಅಂಚಿನ ಮೇಲೆ ಬಿತ್ತು. ಬಿತ್ತು ಎಂದು ಆಗ ಅಂದುಕೊಂಡಿದ್ದೆ. ಉದುರಿಸಿದಳು ಎಂದು ಈಗ ಅನಿಸುತ್ತದೆ.

ಸ್ವಲ್ಪ ಹೊತ್ತಿಗೆ ಹಿಟ್ಟು ಹುರಿದ ಘಮ ಎದ್ದಿತು. ಅಪ್ಪ ಮುಖ ಎತ್ತಿದ.

“ಏನ್ ವಾಸ್ನಿ ಇದು?”

“ಹಿಟ್ಟ ಬಿದ್ದದ್ರಿ. ಕೆಂಪ ಆಗಾಕತ್ತದ.”

ಅಪ್ಪ ಅಲಗಿನ ಕಡೆ ಬಾಗಿ ಉಸಿರೆಳೆದುಕೊಂಡ. ಕುಲುಮೆಯಲ್ಲಿ ಇದ್ದಿಲು ಚಟಪಟ ಅನ್ನುತ್ತಿತ್ತು. ಆಮೇಲೆ, ನಾನು ಎಂದೂ ಕೇಳದ ಮೆತ್ತನೆ ದನಿಯಲ್ಲಿ ಕೇಳಿದ: “ಬೆಲ್ಲ ಆಗ್ಯಾದೇನು?”

“ಆಗ್ಯಾದ್ರಿ. ಅಂಚಿನ ತನಕಾ ಬಂದದ.”

ಅಪ್ಪ ಇನ್ನೊಮ್ಮೆ ಉಸಿರೆಳೆದುಕೊಂಡ. ಘಮ ಸೀದ ವಾಸನೆಗೆ ತಿರುಗುವ ಮುಂಚೆ “ತಗೀ” ಅಂದ.

ಅಂಚು ಮಸೆದು ಕುರಿಯ ಎಲುಬಿನ ಮೇಲೆ ಹೊಡೆದು, ಹೆಬ್ಬೆರಳಿನಿಂದ ಸವರಿ ನೋಡಿದ. ಎಲ್ಲೂ ಮುಕ್ಕಾಗಿರಲಿಲ್ಲ. ಇನ್ನೊಂದು ಅಲಗನ್ನು ಕಾದ ಕಬ್ಬಿಣದ ಮೇಲಿಟ್ಟು ನನ್ನ ಕಡೆ ಕೈ ಚಾಚಿದ.

“ಒಂದ್ ಮುಟಿಗಿ ಹಿಟ್ಟ ತಾ ಬೇಟಾ. ಕಣ್ಣ ದಗಾ ಕೊಟ್ರ ಕೊಡ್ಲಿ, ಮೂಗ ಇನ್ನಾ ಖರೇ ಅದ.”

ನಾನು ಓಡಿದ ರಭಸಕ್ಕೆ ಹಿಟ್ಟಿನ ಡಬ್ಬಿಯೇ ಉರುಳಿತು. ಅವ್ವ ಬೈಯಲಿಲ್ಲ, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಎಳ್ಳಮಾವಾಸ್ಯೆಗೆ ಬೀರಣ್ಣ ಕಾಕಾ ನಮ್ಮನ್ನು ತನ್ನ ಹೊಲಕ್ಕೆ ಕರೆದ. ಸಜ್ಜೆ ರೊಟ್ಟಿ, ಭಜ್ಜಿ, ಹುಳಿ ಅಂಬಲಿ ಎಲ್ಲಾ ಹೊಟ್ಟೆ ಬಿರಿಯುವಂತೆ ತಿಂದೆವು. ಆ ಚಾಕಿನಿಂದಲೇ ಅವನು ಪೇರಲಹಣ್ಣು ಕೊಯ್ದು ಮೊದಲ ಹೋಳನ್ನು ಅಪ್ಪನಿಗೆ ಕೊಟ್ಟ. ಅಪ್ಪ ಹಣ್ಣನ್ನು ಬಾಯಿಗಿಡುವ ಮೊದಲು ಕೊಯ್ದ ಜಾಗವನ್ನು ಸವರಿ ನೋಡಿದ್ದು ನೆನಪಿದೆ. ಅಷ್ಟು ಸುಖದ ಮುಖವನ್ನು ನಾನು ಆಮೇಲೂ ಹೆಚ್ಚು ಕಂಡಿಲ್ಲ.

ಈಗ ನಾನಿರುವ ಹುಮನಾಬಾದಿನ ಅಂಗಡಿಗಳಲ್ಲಿ ಥಳಥಳ ಹೊಳೆಯುವ ಚಾಕು ಸಾಲುಸಾಲಾಗಿ ತೂಗುತ್ತವೆ, ಮೊಂಡಾದರೆ ಬಿಸಾಕುತ್ತೇವೆ. ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಕುಲುಮೆಯಿದ್ದಲ್ಲಿ ನನ್ನ ತಮ್ಮ ಮೋಟಾರ್ ಸೈಕಲ್ ನಿಲ್ಲಿಸುತ್ತಾನೆ. ಅಪ್ಪ ಹದ ಹಾಕಿದ ಒಂದು ಚಾಕು ಮಾತ್ರ ನನ್ನ ಅಡುಗೆಮನೆಯಲ್ಲಿದೆ, ಮಸೆದು ಮಸೆದು ಬೆರಳಿನಷ್ಟು ಸಪೂರವಾಗಿದೆ, ಧಾರ ಹೋಗಿಲ್ಲ.

ರೊಟ್ಟಿ ಮಾಡುವಾಗ ಹೆಂಚಿನ ಮೇಲೆ ಉದುರಿದ ಹಿಟ್ಟು ಕೆಂಪಾಗುತ್ತದೆ, ಅದೇ ಘಮ ಏಳುತ್ತದೆ. ನಾನು ಕೈ ಕಟ್ಟಿ ನಿಂತುಬಿಡುತ್ತೇನೆ.

“ಅವ್ವಾ, ಹಿಟ್ಟ ಸೀಯಾಕತ್ತದ, ಏನ್ ನೋಡ್ಕೋತ ನಿಂತಿ?” ಎಂದು ಮಗಳು ರೇಗುತ್ತಾಳೆ.

ಅಪ್ಪ “ತಗೀ” ಅನ್ನಲಿ ಎಂದು ಕಾಯುತ್ತಿರುತ್ತೇನೆ.