ಜಿಂಕೆಗೆ ಕಣ್ಣು ಬರೆದ ಕಾಶಪ್ಪ

ಬಿಜಾಪುರದ ಕಡೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ಕಾಶಪ್ಪನಿಗೆ ತಂದೆ ಕಲಿಸಿದ ನೇಮ ಒಂದೇ: ಗೊಂಬೆಯ ಮೈಗೆಲ್ಲ ಬಣ್ಣ ತುಂಬಿದ ಮೇಲೆ, ಕೈಕಾಲು ತೊಳೆದು ಕುಳಿತು, ಕಣ್ಣನ್ನು ಕಡೆಗೆ ಬರೆಯಬೇಕು. ಅಲ್ಲಿಯ ತನಕ ಅದು ಬರೀ ಮಣ್ಣು. ಕಣ್ಣು ಬರೆದ ಮೇಲೆ ಜೀವ.

ಹೊಟ್ಟೆಪಾಡಿಗೆಂದು ಮುಂಬಯಿಗೆ ಬಂದವನು ಮೊದಲು ಅಂಗಡಿಗಳ ಬೋರ್ಡಿಗೆ ಅಕ್ಷರಗಳನ್ನೂ ಮುಖಗಳನ್ನೂ ಬರೆದ. ಐವತ್ತರ ದಶಕದ ನಡುವೆ ಜೋಗೇಶ್ವರಿಯ ಸಣ್ಣದೊಂದು ಕಾರ್ಟೂನ್ ಕಂಪನಿ ಸೇರಿದ. ಅಲ್ಲಿ ಮಕ್ಕಳೊಡನೆ ಮನೆಮಂದಿಯೆಲ್ಲ ಕುಳಿತು ನೋಡುವಂಥ ಚಿತ್ರವೊಂದು ತಯಾರಾಗುತ್ತಿತ್ತು. ಬೊರಿವಲಿಯ ಆಚೆಯ ಕಾಡಿನಲ್ಲಿ ಕಲ್ಲಿನ ಖಣಿ ತೆಗೆದು, ಹಳ್ಳ ಹೂತುಹೋಗಿ, ಜಿಂಕೆಯೊಂದು ತನ್ನ ಮರಿಯೊಡನೆ ನೀರು ಹುಡುಕುತ್ತ ಅಲೆಯುವ ಕಥೆ. ಗಾಜಿನಂಥ ಸೆಲ್ಯುಲಾಯ್ಡ್ ಹಾಳೆಗಳ ಮೇಲೆ ಒಂದೊಂದು ಹೆಜ್ಜೆಯನ್ನೂ ಬೇರೆಬೇರೆಯಾಗಿ ಬರೆದು ಫೋಟೋ ತೆಗೆದರೆ, ಪರದೆಯ ಮೇಲೆ ಜಿಂಕೆ ನಡೆಯುತ್ತಿತ್ತು. ಬಣ್ಣ ತುಂಬುವುದು ಕಾಶಪ್ಪನ ಕೆಲಸ. ದಿನವಿಡೀ ಮೈ ತುಂಬಿ, ಸಂಜೆ ಕೈಕಾಲು ತೊಳೆದು ಬಂದು ಎಲ್ಲಕ್ಕೂ ಕಣ್ಣು ಬರೆಯುತ್ತಿದ್ದ.

"ಮುಹೂರ್ತ ಬಂತಾ ಭಟ್ರೆ?" ಎಂದು ಮೇಲ್ವಿಚಾರಕ, ಉಡುಪಿಯ ಚೆನ್ನಯ, ಚೇಷ್ಟೆ ಮಾಡುತ್ತಿದ್ದ.

ಮನೆಯಲ್ಲಿ ಹೆಂಡತಿ ದಾನವ್ವನದು ಬೇರೆ ಮಾತು. ಅವಳು ಅಂಥದೇ ಖಣಿಯಲ್ಲಿ ಜಲ್ಲಿ ಒಡೆಯುತ್ತಿದ್ದಳು.

"ನಾ ಗುಡ್ಡಾ ಒಡದು ರೊಟ್ಟಿ ತರ್ತೀನಿ, ನೀ ಆ ಗುಡ್ಡದ ಜಿಂಕಿ ಸಲುವಾಗಿ ಅಳತಿ. ಇಬ್ಬರೊಳಗ ಶಾಣ್ಯಾರು ಯಾರು, ಹೇಳು."

ಚಿತ್ರ ಅರ್ಧ ಮುಗಿದಾಗ ಹಣ ಹಾಕಿದ ಸೇಠ್ ಬಂದು ನೋಡಿದ. ಮಕ್ಕಳನ್ನು ಅಳಿಸುವ ಚಿತ್ರಕ್ಕೆ ಯಾರು ಟಿಕೀಟು ತೆಗೆದಾರು ಎಂದು ದುಡ್ಡು ನಿಲ್ಲಿಸಿದ. ಅಷ್ಟರಲ್ಲೇ ಕಂಪನಿಗೆ ಸಿಮೆಂಟಿನ ಜಾಹೀರಾತು ಸಿಕ್ಕಿತು. ಹೊಸ ಹಾಳೆ ದುಬಾರಿ. ಹಳೆಯವನ್ನೇ ತೊಳೆದು ಬಳಸುವುದು ಆ ಕಸುಬಿನ ರೂಢಿ. ಜಿಂಕೆಯ ಹಾಳೆಗಳೂ ನೀರಿನ ಬಕೀಟೂ ಕಾಶಪ್ಪನ ಮುಂದೆ ಬಂದವು.

"ಇವಕ್ಕ ಕಣ್ಣು ಬರದೀನ್ರಿ," ಎಂದ ಅವನು. "ಬರದ ಕೈಲೆ ಹ್ಯಾಂಗ ಒರಸಲಿ? ಬ್ಯಾರೆ ಯಾರಿಗ್ಯರೆ ಹೇಳ್ರಿ."

"ಬೇರೆಯವರಿಗೆ ಹೇಳಿದರೆ ಬಣ್ಣದ ಕೆಲಸವೂ ಅವರಿಗೇ ಹೋಗ್ತದೆ, ಕಾಶಪ್ಪಣ್ಣ." ಚೆನ್ನಯ ಈ ಸಲ ನಗಲಿಲ್ಲ. "ದೇವರನ್ನೇ ನೀರಿಗೆ ಬಿಡುದಿಲ್ವಾ ನಾವು?"

"ದೇವರಿಗೆ ಉಣಿಸಿ, ಹಾಡಿ, ಕಳಸ್ತೀವ್ರಿ. ಇವು ನೀರ ಹುಡಕ್ಕೋತ ಹೊಂಟಾವ. ಇನ್ನೂ ಸಿಕ್ಕಿಲ್ಲ."

ಚೆನ್ನಯ ಬಕೀಟನ್ನು ಕಾಲಿನಿಂದ ತುಸು ಮುಂದಕ್ಕೆ ತಳ್ಳಿ ಹೊರಟುಹೋದ.

ದಾನವ್ವನ ಅಂಗೈಯ ಬೊಬ್ಬೆಗಳು ಕಾಶಪ್ಪನಿಗೆ ನೆನಪಾದವು. ಅವಳೊಬ್ಬಳ ದುಡಿಮೆಯಿಂದ ಒಲೆ ಉರಿಯುವಂತಿರಲಿಲ್ಲ. ಎದ್ದು ಹೋಗಿ ಕೈಕಾಲು ತೊಳೆದು ಬಂದು ಕುಳಿತ. ಒದ್ದೆ ಅರಿವೆಯಿಂದ ಪ್ರತಿ ಹಾಳೆಯಲ್ಲೂ ಮೊದಲು ತಾಯಿಜಿಂಕೆಯ ಕಣ್ಣನ್ನು ಒರೆಸಿದ, ಮರಿ ಅಳಿದುಹೋಗುವುದನ್ನು ಅದು ನೋಡಬಾರದೆಂದು. ಆಮೇಲೆ ಹಾಳೆಯನ್ನು ನೀರಿಗಿಳಿಸಿದ.

ಅದೇ ಹಾಳೆಗಳ ಮೇಲೆ ಸಿಮೆಂಟಿನ ಚೀಲವೊಂದು ನಗುತ್ತ ಕುಣಿಯಬೇಕಾಗಿತ್ತು. ಕಾಶಪ್ಪ ಚೀಲಕ್ಕೆ ಮೈತುಂಬ ಬಣ್ಣ ತುಂಬಿ ಚೆನ್ನಯನ ಮುಂದೆ ಸರಿಸಿದ.

"ಕಣ್ಣು?"

"ನೀವ ಬರೀರಿ."

ಮುಂದೆ ಆ ಕಂಪನಿ ಮುಚ್ಚಿ, ಅವನು ಮತ್ತೆ ಅಂಗಡಿಗಳ ಬೋರ್ಡಿಗೆ ಮರಳಿದಾಗಲೂ ಅಕ್ಷರಗಳನ್ನಷ್ಟೇ ಬರೆದ.